ಹೊನ್ನಾವರದ ಮಸೀದಿಯಲ್ಲಿ ಬರಿಗೈಯ ಯಾತ್ರಿಕ

ಶರಾವತಿ ನದಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿರುವ ಹೊನ್ನಾವರವನ್ನು ಅರಬ್ ಯಾತ್ರಿಕ ಇಬ್ನ್ ಬತೂತಾ 'ಹಿನೌರ್' ಎಂದು ಕರೆದಿದ್ದಾರೆ. ಮೊರೊಕ್ಕೋದ ತಾಂಜೀರ್ ಪಟ್ಟಣದಲ್ಲಿ 1304ರಲ್ಲಿ ಜನಿಸಿದ ಅವರು ತಮ್ಮ ಪ್ರವಾಸ ಕಥನ 'ರಿಹ್ಲಾ'ದಲ್ಲಿ ಈ ಊರಿನ ಬಗ್ಗೆ ಹೇಳಿರುವ ಮಾತುಗಳನ್ನು ನಮ್ಮ ಸಭೆ ಸಮಾರಂಭಗಳಲ್ಲಿ ಆಗಾಗ ಕೇಳುತ್ತೇವೆ. ಇಲ್ಲಿ ಹೆಣ್ಣು ಮಕ್ಕಳಿಗೆ 13 ಶಾಲೆಗಳಿದ್ದವು, ಗಂಡು ಮಕ್ಕಳಿಗೆ 23. ಇಲ್ಲಿನ ಸ್ತ್ರೀಯರೆಲ್ಲ ಕುರ್‌ಆನನ್ನು ಕಂಠಪಾಠ ಮಾಡಿದ್ದರು. ಬೇರೆಲ್ಲೂ ತಾನು ಇಂಥದನ್ನು ಕಂಡಿಲ್ಲ ಎನ್ನುತ್ತಾರೆ ಅವರು. ಸ್ತ್ರೀಶಿಕ್ಷಣದ ಬಗ್ಗೆ ಮಾತನಾಡುವ ಯಾರಿಗೇ ಆದರೂ ಇದು ಕೈಗೆ ಸಿಕ್ಕ ಚಿನ್ನದಂಥ ಸಾಕ್ಷ್ಯ.

ಆದರೆ ಅದೇ ಪುಟದಲ್ಲಿರುವ ಇನ್ನೊಂದು ಮಾತನ್ನು ಯಾರೂ ಎತ್ತುವುದಿಲ್ಲ. ಈ ಊರಿನ ಜನರು ಕಡಲ ವ್ಯಾಪಾರದಿಂದ ಬದುಕುತ್ತಾರೆ, ಅವರಿಗೆ ಸಾಗುವಳಿಯ ಭೂಮಿ ಇಲ್ಲ ಎಂದು ಇಬ್ನ್ ಬತೂತಾ ಬರೆಯುತ್ತಾರೆ. ಮಳೆಗಾಲದಲ್ಲಿ ಇಲ್ಲಿಯ ಕಡಲು ಎಷ್ಟು ಕೆರಳುತ್ತದೆಂದರೆ ನಾಲ್ಕು ತಿಂಗಳು ಮೀನು ಹಿಡಿಯುವವರ ಹೊರತು ಯಾರೂ ನೀರಿಗಿಳಿಯುವುದಿಲ್ಲ ಎಂಬುದನ್ನೂ ದಾಖಲಿಸುತ್ತಾರೆ. ಅಂದರೆ ಊರಿಗೆ ಊರೇ ತನ್ನ ಅನ್ನಾಧಾರವನ್ನು ಕಣ್ಣಿಗೆ ಕಾಣದ ಕಡೆಯಿಂದ ನಿರೀಕ್ಷಿಸುತ್ತಿತ್ತು. ಹೋದ ಹಡಗು ಬಂದರೆ ಬಂತು. ವರ್ಷದಲ್ಲಿ ನಾಲ್ಕು ತಿಂಗಳು ಅದೂ ಇಲ್ಲ. ಅಲ್ಲಾಹನ ಮೇಲೆ ಭರವಸೆಯಿಡುವುದು, ಅಂದರೆ ತವಕ್ಕುಲ್, ಇಂಥ ಊರಿನಲ್ಲಿ ಬರೀ ಪ್ರವಚನದ ವಿಷಯವಾಗಿರಲು ಸಾಧ್ಯವಿಲ್ಲ.

ಇಬ್ನ್ ಬತೂತಾ ಮೊದಲ ಬಾರಿ ಹೊನ್ನಾವರಕ್ಕೆ ಬಂದಾಗ ಅವರ ಠೀವಿಯೇ ಬೇರೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಚೀನಾದ ಚಕ್ರವರ್ತಿಗೆ ಕಳುಹಿಸಿದ ರಾಯಭಾರಿ ಅವರು. ಜೊತೆಗೆ 100 ಕುದುರೆಗಳು, 100 ಗುಲಾಮರು, 100 ನರ್ತಕಿಯರು, ಮೂಟೆಗಟ್ಟಲೆ ರೇಷ್ಮೆ ಮತ್ತು ಹತ್ತಿ ಬಟ್ಟೆಗಳು. ಅವರದೇ ಲೆಕ್ಕದ ಪ್ರಕಾರ ದೆಹಲಿ ಬಿಟ್ಟದ್ದು 1342ರಲ್ಲಿ. ಹೊನ್ನಾವರವನ್ನು ಆಗ ಆಳುತ್ತಿದ್ದವರು ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್. ಅವರ ಮೇಲೆ 'ಹರ್ಯಬ್' ಎಂಬ ದೊರೆಯಿದ್ದ ಎನ್ನುತ್ತದೆ ರಿಹ್ಲಾ. ಈತ ವಿಜಯನಗರದ ಮೊದಲನೆಯ ಹರಿಹರ ಎಂಬುದು ಇತಿಹಾಸಕಾರರ ಅಭಿಪ್ರಾಯ. ಸುಲ್ತಾನರ ಮನೆಯ ಊಟವನ್ನು ಇಬ್ನ್ ಬತೂತಾ ವರ್ಣಿಸುವ ಪರಿ ಓದಿದರೆ ಬಾಯಲ್ಲಿ ನೀರೂರುತ್ತದೆ. ತಾಮ್ರದ ತಟ್ಟೆ, ಅನ್ನ, ಅದರ ಮೇಲೆ ತುಪ್ಪ, ಬದಿಗೆ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ ಮತ್ತು ಮಾವಿನಕಾಯಿಯ ಉಪ್ಪಿನಕಾಯಿ, ಆಮೇಲೆ ಕೋಳಿ, ಮೀನು, ಕೊನೆಗೆ ಮೊಸರು. ಮುಂದೆ ಒಮ್ಮೆ ಇದೇ ಸುಲ್ತಾನರ ಬಳಿ 11 ತಿಂಗಳಿದ್ದೂ ರೊಟ್ಟಿಯ ಮುಖ ನೋಡಲಿಲ್ಲ ಎಂದು ಗೊಣಗುತ್ತಾರೆ, ಅದು ಬೇರೆ ಮಾತು.

ಎರಡನೆಯ ಬಾರಿ ಅವರು ಹೊನ್ನಾವರಕ್ಕೆ ಬಂದದ್ದು ಬರಿಗೈಯಲ್ಲಿ.

ನಡುವೆ ನಡೆದದ್ದು ಕಲ್ಲಿಕೋಟೆಯ ದುರಂತ. ಸುಲ್ತಾನನ ಉಡುಗೊರೆಗಳನ್ನು ಚೀನಾದ ದೊಡ್ಡ ಹಡಗಿಗೆ ಏರಿಸಲಾಗಿತ್ತು. ಅದರಲ್ಲಿ ತನಗೆ ಅನುಕೂಲವಾದ ಕೋಣೆ ಸಿಗದ ಕಾರಣ ಇಬ್ನ್ ಬತೂತಾ ತಮ್ಮ ಸ್ವಂತ ಸಾಮಾನು ಸರಂಜಾಮು ಮತ್ತು ಪರಿವಾರವನ್ನು 'ಕಕಮ್' ಎಂಬ ಚಿಕ್ಕ ಹಡಗಿಗೆ ಕಳುಹಿಸಿದರು. ತಾವು ಮಾತ್ರ ಜುಮಾ ನಮಾಝ್‌ಗಾಗಿ ದಡದಲ್ಲೇ ಉಳಿದರು. ಅಷ್ಟರಲ್ಲಿ ಕಡಲು ಎದ್ದಿತು. ದೊಡ್ಡ ಹಡಗು ಒಡೆದು ಅದರಲ್ಲಿದ್ದವರು ಸತ್ತರು. ಬೆಳಗ್ಗೆ ದಡಕ್ಕೆ ಬಂದು ಬಿದ್ದ ಸಹ ರಾಯಭಾರಿಗಳ ಶವಗಳಿಗೆ ಇಬ್ನ್ ಬತೂತಾ ಜನಾಝಾ ನಮಾಝ್ ಮಾಡಿದರು. ಇದನ್ನು ಕಂಡ ಕಕಮ್‌ನ ನಾವಿಕರು ಹಾಯಿ ಬಿಚ್ಚಿ ಹೊರಟೇ ಹೋದರು. ಜೊತೆಗಿದ್ದ ಒಬ್ಬ ಗುಲಾಮನನ್ನು ಅವರು ಸ್ವತಂತ್ರಗೊಳಿಸಿದ್ದರು. ಪರಿಸ್ಥಿತಿ ಕಂಡು ಅವನೂ ಬಿಟ್ಟುಹೋದ. ಉಳಿದದ್ದು 10 ದೀನಾರ್ ಮತ್ತು ಮಲಗುವುದಕ್ಕೊಂದು ಜಮಖಾನೆ.

ಜುಮಾಕ್ಕಾಗಿ ನಿಂತದ್ದರಿಂದ ಅವರ ಜೀವ ಉಳಿಯಿತು ಎಂದು ಹೇಳಿ ಕಥೆ ಮುಗಿಸುವುದು ಸುಲಭ. ಆದರೆ ಜೀವ ಉಳಿದ ಮನುಷ್ಯನಿಗೆ ಮರುದಿನ ಹಸಿವಾಗುತ್ತದೆ. ಕಕಮ್ ಕೊಲ್ಲಂನಲ್ಲಿ ನಿಲ್ಲಬಹುದೆಂಬ ಆಸೆಯಿಂದ ಅವರು 10 ದಿನಗಳ ದಾರಿ ಸವೆಸಿ ಅಲ್ಲಿಗೆ ಹೋದರು. ಹಡಗಿನ ಸುಳಿವಿಲ್ಲ. ದೆಹಲಿಗೆ ಮರಳೋಣವೆಂದರೆ, ಉಡುಗೊರೆಗಳನ್ನು ಬಿಟ್ಟು ನೀನು ದಡದಲ್ಲೇಕೆ ಉಳಿದೆ ಎಂದು ತುಘಲಕ್ ಕೇಳಿದರೆ ಏನು ಉತ್ತರ ಕೊಡುವುದು? ಆ ಸುಲ್ತಾನನ ಕೋಪ ಎಂಥದೆಂದು ಅವರಿಗೆ ಗೊತ್ತಿತ್ತು. ಹಿಂದೊಮ್ಮೆ ದೆಹಲಿಯಲ್ಲಿ ಅವರ ಮೇಲೆ ಪಹರೆ ಬಿದ್ದಾಗ ಐದು ದಿನ ಬರೀ ನೀರು ಕುಡಿದು ಉಪವಾಸವಿದ್ದು, ನಮಗೆ ಅಲ್ಲಾಹನೇ ಸಾಕು ಎಂಬರ್ಥದ ಕುರ್‌ಆನಿನ ಮಾತನ್ನು 33,000 ಬಾರಿ ಉಚ್ಚರಿಸಿದ್ದಾಗಿ ಬರೆದಿದ್ದಾರೆ. ಆಗ ತುಘಲಕ್‌ನ ಸಿಟ್ಟಿಗೆ ಗುರಿಯಾದ ಶೇಖ್ ಶಿಹಾಬುದ್ದೀನರ ತಲೆ ಉರುಳಿತ್ತು, ಅವರನ್ನು ಭೇಟಿಯಾಗಿದ್ದ ಇಬ್ನ್ ಬತೂತಾ ಉಳಿದಿದ್ದರು. ಇಂಥ ಹೊತ್ತಿನಲ್ಲಿ ಅವರಿಗೆ ನೆನಪಾದದ್ದು ಹೊನ್ನಾವರ.

ಸುಲ್ತಾನ ಜಮಾಲುದ್ದೀನ್ ಅವರಿಗೆ ಇರಲು ಒಂದು ಮನೆ ಕೊಟ್ಟರು. ಬಳಿಯಲ್ಲಿ ಒಬ್ಬ ಸೇವಕನೂ ಇರಲಿಲ್ಲ. ತಮ್ಮೊಂದಿಗೆ ನಮಾಝ್ ಮಾಡುವಂತೆ ಸುಲ್ತಾನರು ಹೇಳಿದರು. ಇಬ್ನ್ ಬತೂತಾ ದಿನದ ಬಹುಭಾಗವನ್ನು ಮಸೀದಿಯಲ್ಲೇ ಕಳೆಯತೊಡಗಿದರು. ಮೊದಲು ದಿನಕ್ಕೊಮ್ಮೆ ಇಡೀ ಕುರ್‌ಆನ್ ಓದಿ ಮುಗಿಸುತ್ತಿದ್ದರು, ಆಮೇಲೆ ದಿನಕ್ಕೆ ಎರಡು ಬಾರಿ. ಬೆಳಗಿನ ನಮಾಝ್ ಆದ ಮೇಲೆ ಆರಂಭಿಸಿದ್ದು ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತಿತ್ತು. ಮತ್ತೆ ವುಝೂ ಮಾಡಿ ಕುಳಿತರೆ ಸೂರ್ಯಾಸ್ತಕ್ಕೆ ಎರಡನೆಯದು. ಹೀಗೆ ಸುಮಾರು ಮೂರು ತಿಂಗಳು, ಅದರಲ್ಲಿ 40 ದಿನ ಏಕಾಂತದ ಇಅ್‌ತಿಕಾಫ್.

ಈ ಮೂರು ತಿಂಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಕೆಲಸ ಬಿಟ್ಟು ಮಸೀದಿಯಲ್ಲಿ ಕುಳಿತರೆ ಅನ್ನ ತಾನಾಗಿ ಬರುತ್ತದೆ ಎಂಬುದಕ್ಕೆ ಇದು ಪುರಾವೆಯೇ? ಹಾಗೆಂದುಕೊಳ್ಳುವವರು ಹಿಂದೆಯೂ ಇದ್ದರು. ಯಮನ್‌ನ ಕೆಲವರು ಬುತ್ತಿಯಿಲ್ಲದೆ ಹಜ್ಜ್‌ಗೆ ಹೊರಟು ಬರುತ್ತಿದ್ದರು. ನಾವು ಅಲ್ಲಾಹನ ಮೇಲೆ ಭರವಸೆಯಿಟ್ಟವರು ಎನ್ನುತ್ತಿದ್ದರು. ಮಕ್ಕಾ ತಲುಪಿದ ಮೇಲೆ ಜನರ ಮುಂದೆ ಕೈ ಚಾಚುತ್ತಿದ್ದರು. ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳಿರೆಂಬ ಕುರ್‌ಆನಿನ ಆದೇಶ ಬಂದದ್ದು ಆ ಸಂದರ್ಭದಲ್ಲಿ ಎಂದು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಜುಮಾದ ಬಗ್ಗೆ ಹೇಳುವ ಅಧ್ಯಾಯವೂ ನಮಾಝ್ ಮುಗಿದೊಡನೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲು ಹೇಳುತ್ತದೆ, ಮಸೀದಿಯಲ್ಲೇ ಕುಳಿತಿರಲು ಹೇಳುವುದಿಲ್ಲ. ಹಾಗೆಂದು ಎಲ್ಲ ದಾರಿಗಳೂ ಮುಚ್ಚಿದವನಿಗೆ ಮೂರು ತಿಂಗಳು ಕುಳಿತುಕೊಳ್ಳಲು ಒಂದು ಜಾಗ ಬೇಡವೇ? ನನ್ನ ದೃಷ್ಟಿಯಲ್ಲಿ ಇಲ್ಲಿ ಮುಖ್ಯವಾದದ್ದು ಇಬ್ನ್ ಬತೂತಾರ ಪಾರಾಯಣಕ್ಕಿಂತ ಹೊನ್ನಾವರದ ವ್ಯವಸ್ಥೆ. ಕಡಲಲ್ಲಿ ಎಲ್ಲವನ್ನೂ ಕಳಕೊಂಡು ಬಂದವನನ್ನು ಏನು ಮಾಡಬೇಕೆಂಬುದು ಆ ಊರಿಗೆ ಗೊತ್ತಿತ್ತು. ಏಕೆಂದರೆ ಅದು ಇಂದು ಅವನಿಗೆ ಬಂದದ್ದು, ನಾಳೆ ಊರಿನ ಯಾವ ಮನೆಗಾದರೂ ಬರಬಹುದಾದದ್ದು. ಊರಿನಲ್ಲಿ ಶೇಖ್ ಮುಹಮ್ಮದ್ ನಾಗೋರಿ ಎಂಬವರ ಖಾನ್‌ಖಾಹ್ ಇತ್ತು. ಮೊದಲ ಭೇಟಿಯಲ್ಲೇ ಅವರು ಯಾತ್ರಿಕನನ್ನು ಕರೆದು ಉಣಬಡಿಸಿದ್ದರು. ಅಡುಗೆಯನ್ನು ಅವರು ತಮ್ಮ ಕೈಯಾರೆ ಮಾಡುತ್ತಿದ್ದರಂತೆ.

ಇಬ್ನ್ ಬತೂತಾರನ್ನು ಸಂತರನ್ನಾಗಿ ಮಾಡುವ ಅಗತ್ಯವೇನೂ ಇಲ್ಲ. ಸುಲ್ತಾನ ಜಮಾಲುದ್ದೀನ್ 52 ಹಡಗುಗಳೊಂದಿಗೆ ಸಂದಾಬೂರ್ ಅಂದರೆ ಗೋವೆಯ ಮೇಲೆ ದಂಡೆತ್ತಿದಾಗ ಅವರು ಕುರ್‌ಆನ್ ತೆರೆದು ಶಕುನ ನೋಡಿದರು. ತನಗೆ ನೆರವಾಗುವವರಿಗೆ ಅಲ್ಲಾಹನು ನೆರವಾಗುವನೆಂಬ ಸೂಕ್ತ ಕಣ್ಣಿಗೆ ಬಿತ್ತು. ಹಡಗು ಹತ್ತಿದರು. ಅಲ್ಲಿಯ ಅರಸನ ಮನೆಜಗಳದಿಂದ ಹುಟ್ಟಿದ ಯುದ್ಧವದು, ರಾಜರ ಯುದ್ಧಗಳು ಇರುವಂತೆಯೇ ಇತ್ತು. ಊರು ವಶವಾಯಿತು. ಕೆಲವು ತಿಂಗಳ ನಂತರ ಎದುರಾಳಿ ಮರಳಿ ಬಂದು ಮುತ್ತಿಗೆ ಹಾಕಿದಾಗ ನಮ್ಮ ಯಾತ್ರಿಕರು ಮುತ್ತಿಗೆಯೊಳಗಿದ್ದವರನ್ನು ಬಿಟ್ಟು ಕಲ್ಲಿಕೋಟೆಯ ದಾರಿ ಹಿಡಿದರು. ಇದನ್ನು ಅವರೇ ಬರೆದಿದ್ದಾರೆ.

ಅದಕ್ಕೂ ಸ್ವಲ್ಪ ಮೊದಲು ಕಕಮ್‌ನ ಗತಿ ಅವರಿಗೆ ತಿಳಿದಿತ್ತು. ಸಾಮಾನುಗಳು ಯಾರ್ಯಾರದೋ ಪಾಲಾಗಿದ್ದವು. ಸಂಗಡಿಗರು ಚೀನಾ, ಜಾವಾ, ಬಂಗಾಳ ಎಂದು ಚದುರಿದ್ದರು. ಗರ್ಭಿಣಿಯಾಗಿದ್ದ ಅವರ ದಾಸಿ ಸತ್ತಿದ್ದಳು. ಆಕೆಯ ಚಿಂತೆ ತನ್ನನ್ನು ಕಾಡುತ್ತಿತ್ತು ಎಂದಿದ್ದಾರೆ, ಆದರೆ ಹೆಸರು ಬರೆದಿಲ್ಲ. ನಷ್ಟದ ಕಥೆಗಳನ್ನು ಹೇಳುವವರು ಸಾಮಾನ್ಯವಾಗಿ ಒಡೆಯರು. ಅವರ ನಷ್ಟದ ಪಟ್ಟಿಯಲ್ಲಿ ಕುದುರೆ, ಬಟ್ಟೆಗಳ ಜೊತೆಯಲ್ಲಿ ಮನುಷ್ಯರೂ ಸೇರಿರುತ್ತಾರೆ. ಆ ಹಡಗಿನಲ್ಲಿ ಆಕೆ ಯಾರ ಮೇಲೆ ಭರವಸೆಯಿಟ್ಟಿದ್ದಳು, ಏನೆಂದು ಪ್ರಾರ್ಥಿಸಿದಳು ಎಂಬುದಕ್ಕೆ ಯಾವ ರಿಹ್ಲಾವೂ ಇಲ್ಲ.

ಮೂರನೆಯ ನಷ್ಟ ನಮ್ಮ ಕರಾವಳಿಯಲ್ಲೇ ಆಯಿತು. ಮಾಲ್ದೀವ್ಸ್‌ನಲ್ಲಿ ಖಾಝಿಯಾಗಿ, ಸಿಂಹಳಕ್ಕೆ ಹೋಗಿ, ತಮಿಳು ಕರಾವಳಿಯನ್ನು ಸುತ್ತಿ ಅವರು ಮತ್ತೆ ಹೊನ್ನಾವರದ ಸುಲ್ತಾನರನ್ನು ಕಾಣಲು ಕೊಲ್ಲಂನಿಂದ ಹೊರಟಿದ್ದರು. ಹೊನ್ನಾವರ ಮತ್ತು ಬಾರಕೂರಿನ ನಡುವಿನ ಒಂದು ಸಣ್ಣ ದ್ವೀಪದ ಬಳಿ 12 ಹಡಗುಗಳ ಕಡಲ್ಗಳ್ಳರು ಮುತ್ತಿದರು. ದ್ವೀಪದ ಹೆಸರನ್ನು ಅವರು ಹೇಳಿಲ್ಲ. ಆದರೆ ಭಟ್ಕಳ, ಮುರ್ಡೇಶ್ವರದ ಕಡೆಯವರು ಇದನ್ನು ಓದುವಾಗ ನೇತ್ರಾಣಿಯನ್ನು ನೆನೆಯದಿರಲಾರರು. ಸಿಂಹಳದ ರಾಜ ಕೊಟ್ಟ ರತ್ನಗಳು, ಬಟ್ಟೆಬರೆ, ಸಜ್ಜನರು ಕಟ್ಟಿಕೊಟ್ಟಿದ್ದ ಬುತ್ತಿ, ಎಲ್ಲವೂ ಹೋಯಿತು. ಮೈಮೇಲೆ ಉಳಿದದ್ದು ಒಂದು ಇಜಾರ ಮಾತ್ರ. ಹಾಗೆಯೇ ಕಲ್ಲಿಕೋಟೆಗೆ ಹೋಗಿ ಒಂದು ಮಸೀದಿಯನ್ನು ಹೊಕ್ಕರು. ಅಲ್ಲಿಯ ಒಬ್ಬ ಫಕೀಹರು ಒಂದು ಅಂಗಿ ಕಳುಹಿಸಿದರು. ಖಾಝಿಯವರು ಒಂದು ಮುಂಡಾಸು ಕಳುಹಿಸಿದರು. ಒಬ್ಬ ವ್ಯಾಪಾರಿ ಇನ್ನೊಂದು ಬಟ್ಟೆ ಕೊಟ್ಟ.

ಇಡೀ ರಿಹ್ಲಾದಲ್ಲಿ ಚಕ್ರವರ್ತಿಗಳ ಕೊಡುಗೆಗಳ ವರ್ಣನೆ ಬೇಕಾದಷ್ಟಿದೆ. ಈ ಮೂರು ಬಟ್ಟೆಗಳ ಲೆಕ್ಕವನ್ನೂ ಅವರು ಮರೆಯದೆ ಬರೆಸಿದ್ದಾರೆ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ. ಬುಖಾರಾದ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನು ನಕಲು ಮಾಡಿಟ್ಟುಕೊಂಡಿದ್ದೆ, ಭಾರತದ ಕಡಲಿನಲ್ಲಿ ದರೋಡೆಯಾದಾಗ ಅವೂ ಹೋದವು ಎಂದು ಇನ್ನೊಂದೆಡೆ ಹೇಳುತ್ತಾರೆ. ಗ್ರಂಥ ಮುಗಿದದ್ದು 1355ರಲ್ಲಿ, ಫೆಝ್ ನಗರದಲ್ಲಿ. ಅವರು ಹೇಳುತ್ತಾ ಹೋದರು, ಇಬ್ನ್ ಜುಝೈ ಬರೆದುಕೊಂಡರು. ಹೊನ್ನಾವರದ ಆ 13 ಮತ್ತು 23, ಶುಂಠಿಯ ಉಪ್ಪಿನಕಾಯಿ, ಎಲ್ಲವೂ ಹತ್ತಾರು ವರ್ಷಗಳ ನಂತರ ಕೇವಲ ನೆನಪಿನಿಂದ ಬಂದಿರಬೇಕು.

ಹೊನ್ನಾವರದ ವೈಭವವೂ ಉಳಿಯಲಿಲ್ಲ. 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡಾ ಇಲ್ಲಿಯ ಹಡಗುಗಳಿಗೆ ಬೆಂಕಿಯಿಟ್ಟ. 1542ರಲ್ಲಿ ಭಟ್ಕಳ ಸುಟ್ಟುಹೋಯಿತು. ಅಷ್ಟರಲ್ಲಾಗಲೇ ಕಡಲಲ್ಲಿ ವ್ಯಾಪಾರ ಮಾಡಲು ಪರಂಗಿಯವರ ಪರವಾನಗಿ ಪತ್ರ ಬೇಕೆಂಬ ಕಾಲ ಬಂದಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಸರದಿ ಕುಮಟಾದ್ದು. ಹುಬ್ಬಳ್ಳಿ ಧಾರವಾಡ ಕಡೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಬಂದು ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಈ ವ್ಯಾಪಾರಕ್ಕೆ ಚಿನ್ನದ ಬೆಲೆ ಬಂತು. ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದು 1862ರಲ್ಲಿ. ಅದರ ಹಿಂದೆಯೂ ಹತ್ತಿಯ ಲೆಕ್ಕಾಚಾರವಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ, ಆದರೂ ಮಾರುಕಟ್ಟೆಯಲ್ಲಿ ಆ ಹತ್ತಿಯ ಹೆಸರೇ 'ಕುಮಟಾ' ಎಂದಾಯಿತು. 1880ರ ದಶಕದ ಕೊನೆಗೆ ಗೋವೆಯ ಮರ್ಮಗೋವಾ ಬಂದರಿಗೆ ರೈಲು ಬಂದಾಗ ಹತ್ತಿ ಆ ಕಡೆ ತಿರುಗಿತು. ಕುಮಟಾದ ವ್ಯಾಪಾರ ಬಾಡಿತು, ಹೆಸರು ಮಾತ್ರ ಹತ್ತಿಯ ಅಂಗಡಿಗಳಲ್ಲಿ ಉಳಿಯಿತು. ಕುಮಟಾಕ್ಕೆ ಸ್ವಂತ ರೈಲು ಬಂದದ್ದು ಕೊಂಕಣ ರೈಲ್ವೆಯೊಂದಿಗೆ, ಅದೂ 1990ರ ದಶಕದಲ್ಲಿ. ಸಾಗಿಸಲು ಆಗ ಹತ್ತಿ ಇರಲಿಲ್ಲ.

ಭಟ್ಕಳದ ನವಾಯತರು ಬೇರೆ ಊರುಗಳ ಬಜಾರುಗಳಲ್ಲಿ, ಮುಂದೆ ಕೊಲ್ಲಿ ದೇಶಗಳಲ್ಲಿ ದುಡಿಮೆ ಹುಡುಕಿಕೊಂಡರು. 1919ರಲ್ಲಿ ಅವರ ಹಿರಿಯರು ಅಂಜುಮನ್ ಹಾಮಿ ಏ ಮುಸ್ಲಿಮೀನ್ ಕಟ್ಟಿದಾಗ ಕಯ್ಯಲ್ಲಿ ದೊಡ್ಡ ಭೂಹಿಡುವಳಿ ಇಟ್ಟುಕೊಂಡು ಕಟ್ಟಿದ್ದಲ್ಲ, ವ್ಯಾಪಾರದ ಗಳಿಕೆಯಿಂದ ಒಟ್ಟುಗೂಡಿಸಿ ಕಟ್ಟಿದ್ದು. 2020ರಲ್ಲಿ ಕೊರೋನಾದಿಂದ ಕೊಲ್ಲಿಯ ಕೆಲಸಗಳು ಹೋದಾಗ ಕರಾವಳಿಯ ಎಷ್ಟೋ ಮನೆಗಳು ಮತ್ತೆ ಕಡಲಾಚೆಯ ಸುದ್ದಿಗಾಗಿ ಕಾಯುತ್ತಾ ಕುಳಿತವು. ಆಗ ಅಕ್ಕಿ ಬೇಳೆಯ ಚೀಲಗಳು ಮಸೀದಿ, ದೇವಸ್ಥಾನ, ಸಂಘ ಸಂಸ್ಥೆಗಳ ಮೂಲಕವೇ ಓಣಿಗಳಿಗೆ ಬಂದವು.

ಇಬ್ನ್ ಬತೂತಾ ಕಂಡ ಅಳಿವೆಯ ದಂಡೆಯಲ್ಲಿ ಕಾಸರಕೋಡದ ಟೊಂಕವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಈಗಲೂ ದಡದಲ್ಲೇ ನಿಲ್ಲುತ್ತವೆ, ಅದು ಸರಕಾರದ ನಿಯಮ. ಅದಕ್ಕೂ ಮೊದಲು ಬೇಸಿಗೆಯಲ್ಲಿ ಅಲ್ಲಿಯ ಮರಳಿನ ಮೇಲೆ ಮಹಿಳೆಯರು ಮೀನು ಒಣಗಿಸುತ್ತಾರೆ. ಮಳೆಗಾಲದ ತಿಂಗಳುಗಳಲ್ಲಿ ಮನೆಗೆ ಆಧಾರವಾಗುವುದು ಆ ಒಣಮೀನಿನ ವ್ಯಾಪಾರ. ಅದೇ ಮರಳಿನಲ್ಲಿ ಖಾಸಗಿ ವಾಣಿಜ್ಯ ಬಂದರು ಕಟ್ಟುವ ಯೋಜನೆ ಬಂದ ಮೇಲೆ ಮೀನುಗಾರರು ಅದನ್ನು ವಿರೋಧಿಸುತ್ತಾ ಬಂದಿದ್ದಾರೆ. ಲಾಠಿಯನ್ನೂ ಕೇಸುಗಳನ್ನೂ ಕಂಡಿದ್ದಾರೆ. ಹಿಂದೂ, ಮುಸ್ಲಿಮ್, ಕ್ರೈಸ್ತರೆನ್ನದೆ ಮಹಿಳೆಯರು ಯಂತ್ರಗಳ ಎದುರು ಹೋಗಿ ನಿಂತಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಸಾಗುವಳಿಯ ಭೂಮಿ ಇಲ್ಲ.