ಫೈಬರ್ ದೋಣಿ ಕೆಲಸ: ಬೆಲ್ಲ, ಬಾಳೆಹಣ್ಣು ತಿಂದರೆ ಎದೆಯೊಳಗಿನ ವಿಷ ಹೋಗುತ್ತದೆಯೇ?

ಫೈಬರ್ ದೋಣಿ ತಯಾರಿಸುವ ಶೆಡ್‌ಗಳಲ್ಲಿ ಕೆಲಸ ಮಾಡುವವರು ಕೆಲಸ ಮುಗಿದ ಮೇಲೆ ಬೆಲ್ಲ ಅಥವಾ ಬಾಳೆಹಣ್ಣು ತಿಂದರೆ, ಹಾಲು ಕುಡಿದರೆ ಎದೆಗೆ ಹೋದ ಗಾಜಿನ ಪುಡಿ ಮತ್ತು ರಾಸಾಯನಿಕ ಹೊರಬರುತ್ತದೆ ಎಂಬ ನಂಬಿಕೆ ಇದೆ. ಇದು ನಿಜವೇ? ನಾವು ಪರಿಶೀಲಿಸಿದ್ದೇವೆ.

ಉತ್ತರ: ಇಲ್ಲ, ಇದು ತಪ್ಪು.

ಕೆಲಸ ಹೇಗೆ ನಡೆಯುತ್ತದೆ?

ಕರ್ನಾಟಕದ ಕರಾವಳಿಯಲ್ಲಿ ಈಗ ಎಷ್ಟೋ ನಾಡದೋಣಿಗಳು ಮರದವಲ್ಲ, ಫೈಬರ್‌ಗ್ಲಾಸ್‌ನವು. ಇವನ್ನು ಪದರ ಪದರವಾಗಿ ಕಟ್ಟುವ ಕೆಲಸಗಾರರನ್ನು ಲ್ಯಾಮಿನೇಟರ್ ಎನ್ನುತ್ತಾರೆ. ಅಚ್ಚಿಗೆ ಮೊದಲು ಮೇಣ ಬಳಿದು, ಬಣ್ಣದ ಜೆಲ್‌ಕೋಟ್ ಹಚ್ಚುತ್ತಾರೆ. ಅದರ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ಹಾರ್ಡ್ನರ್ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಬಳಿಯುತ್ತಾರೆ. ರೋಲರ್ ಆಡಿಸಿ ಗಾಳಿಗುಳ್ಳೆಗಳನ್ನು ಹೊರಗೆ ತಳ್ಳುತ್ತಾರೆ. ಬೇಕಾದಷ್ಟು ದಪ್ಪ ಬರುವವರೆಗೆ ಇದೇ ಮರುಕಳಿಸುತ್ತದೆ. ಗಟ್ಟಿಯಾದ ಮೇಲೆ ಅಂಚುಗಳನ್ನು ಗ್ರೈಂಡರ್‌ನಿಂದ ಉಜ್ಜುತ್ತಾರೆ.

ಗಾಜಿನ ಪುಡಿ ಕಲ್ನಾರಿನಷ್ಟೇ ಅಪಾಯಕಾರಿಯೇ?

ಅಲ್ಲ. ಕಲ್ನಾರು ಉದ್ದುದ್ದಕ್ಕೆ ಸೀಳಿ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆಗಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ದೋಣಿಗೆ ಬಳಸುವ ಗಾಜಿನ ಎಳೆ ದಪ್ಪ. ಅದು ಅಡ್ಡಕ್ಕೆ ತುಂಡಾಗುತ್ತದೆ, ಉದ್ದಕ್ಕೆ ಸೀಳುವುದಿಲ್ಲ. ಹಾಗಾಗಿ ಹೆಚ್ಚಿನದು ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಕಲ್ನಾರನ್ನು 1ನೇ ಗುಂಪಿನಲ್ಲಿ, ಅಂದರೆ ಖಚಿತವಾಗಿ ಕ್ಯಾನ್ಸರ್‌ಕಾರಕ ಎಂದು ಇಟ್ಟಿದೆ. ಈ ಬಗೆಯ ಗಾಜಿನ ನಾರು 3ನೇ ಗುಂಪಿನಲ್ಲಿದೆ. ಅಂದರೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸುವಷ್ಟು ಪುರಾವೆ ಇಲ್ಲ. ಆದರೆ ತುರಿಕೆ, ಕೆಮ್ಮು, ಕಣ್ಣುರಿ ಖಂಡಿತ ಬರುತ್ತವೆ.

ಹಾಗಾದರೆ ನಿಜವಾದ ಅಪಾಯ ಯಾವುದು?

ಆ ಘಾಟು ವಾಸನೆ. ರೆಸಿನ್‌ನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸ್ಟೈರೀನ್ ಎಂಬ ದ್ರಾವಕ ಇರುತ್ತದೆ. ರೋಲರ್ ಆಡಿಸುವಾಗ ಅದು ಆವಿಯಾಗಿ ಉಸಿರಿಗೆ ಸೇರುತ್ತದೆ. ತಲೆನೋವು, ತಲೆಸುತ್ತು, ಅಮಲು ಬಂದಂತಾಗುವುದು ಮೊದಲ ಲಕ್ಷಣಗಳು. ವರ್ಷಗಟ್ಟಲೆ ಉಸಿರಾಡಿದವರಲ್ಲಿ ಬಣ್ಣ ಗುರುತಿಸುವ ಶಕ್ತಿ ಮತ್ತು ಶ್ರವಣಶಕ್ತಿ ಕುಂದುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. 2018ರಲ್ಲಿ ಐಎಆರ್‌ಸಿ ಸ್ಟೈರೀನನ್ನು 2ಎ ಗುಂಪಿಗೆ, ಅಂದರೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಗುಂಪಿಗೆ ಏರಿಸಿತು.

ಸ್ಟೈರೀನ್ ಆವಿ ಗಾಳಿಗಿಂತ ಸುಮಾರು ಮೂರೂವರೆ ಪಟ್ಟು ಭಾರ. ಆದ್ದರಿಂದ ದೋಣಿಯ ಹೊಟ್ಟೆಯೊಳಗೆ ಕುಳಿತು ರೆಸಿನ್ ಹಚ್ಚುವವರ ಸುತ್ತ ಅದು ತುಂಬಿಕೊಳ್ಳುತ್ತದೆ. ಮನೆಯ ಬಳಿ ತಮ್ಮದೇ ದೋಣಿಗೆ ತೇಪೆ ಹಾಕುವ ಮೀನುಗಾರರಿಗೂ ಇದು ಅನ್ವಯಿಸುತ್ತದೆ.

ಬೆಲ್ಲ, ಬಾಳೆಹಣ್ಣು ಏಕೆ ಕೆಲಸ ಮಾಡುವುದಿಲ್ಲ?

ತಿಂದದ್ದು ಅನ್ನನಾಳದ ಮೂಲಕ ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕಲ್ಲ. ಸ್ಟೈರೀನ್ ಉಸಿರಿನಿಂದ ನೇರ ರಕ್ತ ಸೇರುತ್ತದೆ. ಯಕೃತ್ತು ಅದನ್ನು ಮ್ಯಾಂಡೆಲಿಕ್ ಆಮ್ಲದಂಥ ವಸ್ತುಗಳಾಗಿ ಬದಲಿಸಿದ ಮೇಲೆ ಮೂತ್ರದಲ್ಲಿ ಹೊರಹೋಗುತ್ತದೆ. ಎಷ್ಟು ಸ್ಟೈರೀನ್ ಒಳಹೋಗಿದೆ ಎಂದು ತಿಳಿಯಲು ಕೆಲಸ ಮುಗಿದ ಹೊತ್ತಿನ ಮೂತ್ರ ಪರೀಕ್ಷಿಸುವುದು ಇದಕ್ಕೇ. ಬೆಲ್ಲ ತಿನ್ನಿ, ತೊಂದರೆ ಇಲ್ಲ. ಆದರೆ ಅದನ್ನು ನಂಬಿ ಮಾಸ್ಕ್ ಬಿಡಬೇಡಿ.

"ಎರಡು ತಿಂಗಳಲ್ಲಿ ವಾಸನೆ ಅಭ್ಯಾಸ ಆಗುತ್ತೆ" ಎನ್ನುತ್ತಾರಲ್ಲ?

ಒಗ್ಗಿಕೊಳ್ಳುವುದು ಮೂಗು ಮಾತ್ರ. ವಾಸನೆ ತಿಳಿಯದಿದ್ದರೂ ಆವಿ ಅಷ್ಟೇ ಇರುತ್ತದೆ.

ಯಾವ ಮಾಸ್ಕ್ ಬೇಕು?

ಕರವಸ್ತ್ರ, ಸರ್ಜಿಕಲ್ ಮಾಸ್ಕ್, ಎನ್95 ಯಾವುದೂ ಆವಿಯನ್ನು ತಡೆಯುವುದಿಲ್ಲ. ಎನ್95 ಗ್ರೈಂಡಿಂಗ್ ಧೂಳಿಗೆ ಸರಿ. ಸ್ಟೈರೀನ್‌ಗೆ ಇದ್ದಿಲು ತುಂಬಿದ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಅಂಗಡಿಯಲ್ಲಿ "ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್" ಎಂದು ಕೇಳಿ. ಗಡ್ಡ ಇದ್ದರೆ ಅದು ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. ಕಾರ್ಟ್ರಿಡ್ಜ್‌ಗಳನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಮಾಸ್ಕ್‌ಗಿಂತ ಮೊದಲು ಬೇಕಾದದ್ದು ಆವಿಯನ್ನು ಹೊರಗೆಳೆಯುವ ಫ್ಯಾನ್. ಅದನ್ನು ಒದಗಿಸುವುದು ಮಾಲೀಕರ ಜವಾಬ್ದಾರಿ.

ಇವೂ ನೆನಪಿರಲಿ

- ಹಾರ್ಡ್ನರ್ ಕಣ್ಣಿಗೆ ಹಾರಿದರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ತಕ್ಷಣ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಕನ್ನಡಕ ಹಾಕದೆ ಅದನ್ನು ಮುಟ್ಟಬೇಡಿ.
- ಹಾರ್ಡ್ನರ್ ಮತ್ತು ಕೋಬಾಲ್ಟ್ ಎಕ್ಸಲರೇಟರನ್ನು ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಸ್ಫೋಟವಾಗಬಹುದು.
- ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲೇ ಸ್ಟೈರೀನ್ ಆವಿಗೆ ಕಿಡಿ ತಗುಲಿದರೆ ಬೆಂಕಿ ಹತ್ತುತ್ತದೆ. ಕರಾವಳಿಯ ಬೇಸಿಗೆಗೆ ಇದು ಮಾಮೂಲಿ ತಾಪಮಾನ. ಬೀಡಿ, ವೆಲ್ಡಿಂಗ್ ದೂರವಿರಲಿ.
- ಕೈಯನ್ನು ಅಸಿಟೋನ್‌ನಲ್ಲಿ ತೊಳೆಯಬೇಡಿ. ಅದು ಚರ್ಮದ ಜಿಡ್ಡನ್ನು ತೆಗೆದು ಒಡಕು ತರುತ್ತದೆ. ಕೈಗವಸು ಹಾಕಿ, ಸೋಪು ನೀರು ಬಳಸಿ.
- ತುರಿಸಿದಲ್ಲಿ ಕೆರೆಯಬೇಡಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ.

ನಮ್ಮ ತೀರ್ಮಾನ

ಬೆಲ್ಲ, ಬಾಳೆಹಣ್ಣು, ಹಾಲು ಸ್ಟೈರೀನನ್ನು ಹೊರಹಾಕುತ್ತವೆ ಎಂಬುದು ಸುಳ್ಳು. ತುರಿಸುವ ಗಾಜಿಗೆ ಹೆದರುವ ನಾವು ಕಣ್ಣಿಗೆ ಕಾಣದ ಆವಿಯನ್ನು ಲೆಕ್ಕಿಸುವುದಿಲ್ಲ. ನಿಮ್ಮ ಗುಂಪಿನಲ್ಲಿ ದೋಣಿ, ನೀರಿನ ಟ್ಯಾಂಕ್ ಅಥವಾ ಬೇರೆ ಫೈಬರ್ ಕೆಲಸದವರು ಯಾರಾದರೂ ಇದ್ದರೆ, ಅವರಿಗೆ ಬೆಲ್ಲದ ಮೆಸೇಜ್ ಬದಲು ಮಾಸ್ಕ್‌ನ ಮಾಹಿತಿ ಕಳಿಸಿ.