ದ್ಯುತಿತಂತು ಸಂವೇದಕಗಳಿಂದ ರಚನಾ ಸ್ವಾಸ್ಥ್ಯ ಪರಿವೀಕ್ಷಣೆ

ದ್ಯುತಿತಂತು ಸಂವೇದಕಗಳಿಂದ ರಚನಾ ಸ್ವಾಸ್ಥ್ಯ ಪರಿವೀಕ್ಷಣೆ ಎಂದರೆ ಸೇತುವೆ, ಅಣೆಕಟ್ಟು, ಸುರಂಗ, ಕೊಳವೆಮಾರ್ಗ ಮೊದಲಾದ ನಿರ್ಮಾಣಗಳಿಗೆ ಆಪ್ಟಿಕಲ್ ಫೈಬರ್‌ಗಳನ್ನು ಅಳವಡಿಸಿ, ಅವುಗಳಲ್ಲಿ ಹರಿಯುವ ಬೆಳಕಿನಲ್ಲಾಗುವ ಬದಲಾವಣೆಯಿಂದ ಆ ನಿರ್ಮಾಣದ ಹಿಗ್ಗು, ಕುಗ್ಗು, ಕಂಪನ ಮತ್ತು ತಾಪಮಾನಗಳನ್ನು ಸತತವಾಗಿ ಅಳೆಯುವ ವಿಧಾನ. ದೂರಸಂಪರ್ಕಕ್ಕೆ ಬಳಸುವ ಗಾಜಿನ ಎಳೆಯೇ ಇಲ್ಲಿ ಅಳತೆಯ ಸಾಧನವಾಗುತ್ತದೆ. ಕಣ್ಣಿಗೆ ಕಾಣುವ ಬಿರುಕನ್ನು ಹುಡುಕುವ ನಿಯತ ತಪಾಸಣೆಗೆ ಇದು ಪೂರಕವೇ ಹೊರತು ಪರ್ಯಾಯವಲ್ಲ.

ಕಾರ್ಯತತ್ತ್ವ

ಹೆಚ್ಚು ಬಳಕೆಯಲ್ಲಿರುವುದು ಬ್ರ್ಯಾಗ್ ಗ್ರೇಟಿಂಗ್ ಸಂವೇದಕ. 125 ಮೈಕ್ರೋಮೀಟರ್ ವ್ಯಾಸದ ತಂತುವಿನ ತಿರುಳಿನಲ್ಲಿ, ಕೆಲವು ಮಿಲಿಮೀಟರ್ ಉದ್ದಕ್ಕೆ, ವಕ್ರೀಭವನ ಸೂಚ್ಯಂಕವು ಸಮಾನ ಅಂತರದಲ್ಲಿ ಏರಿಳಿಯುವಂತೆ ಅತಿನೇರಳೆ ಕಿರಣಗಳಿಂದ ಗೆರೆಗಳನ್ನು ಮೂಡಿಸಲಾಗುತ್ತದೆ. ಈ ಭಾಗವು ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಹಿಂದಕ್ಕೆ ಪ್ರತಿಫಲಿಸಿ ಉಳಿದುದನ್ನು ಮುಂದೆ ಬಿಡುತ್ತದೆ. ತಂತು ಹಿಗ್ಗಿದಾಗ ಗೆರೆಗಳ ಅಂತರ ಹೆಚ್ಚಿ, ಪ್ರತಿಫಲಿತ ತರಂಗಾಂತರವೂ ಹೆಚ್ಚುತ್ತದೆ. ಒಂದು ಮೀಟರ್ ಉದ್ದದ ಭಾಗ ಒಂದು ಮೈಕ್ರೋಮೀಟರ್ ಹಿಗ್ಗಿದರೆ ಅದನ್ನು ಒಂದು ಮೈಕ್ರೋಸ್ಟ್ರೇನ್ ಎನ್ನುತ್ತಾರೆ. 1550 ನ್ಯಾನೋಮೀಟರ್ ಬೆಳಕಿನಲ್ಲಿ ಇದಕ್ಕೆ ಸುಮಾರು 1.2 ಪಿಕೋಮೀಟರ್ ಪಲ್ಲಟ ಉಂಟಾಗುತ್ತದೆ. ಬೇರೆ ಬೇರೆ ತರಂಗಾಂತರದ ಗ್ರೇಟಿಂಗ್‌ಗಳನ್ನು ಒಂದೇ ಎಳೆಯಲ್ಲಿ ಸಾಲಾಗಿ ಇರಿಸಬಹುದಾದ್ದರಿಂದ ಪ್ರತಿ ಬಿಂದುವಿಗೂ ಪ್ರತ್ಯೇಕ ತಂತಿ ಬೇಕಿಲ್ಲ. ವಿದ್ಯುತ್ಕಾಂತೀಯ ಅಡಚಣೆಯೂ ತಟ್ಟದು. ವಿದ್ಯುದೀಕರಣಗೊಂಡ ರೈಲುಮಾರ್ಗಗಳ ಸೇತುವೆಗಳಲ್ಲಿ ಇದು ದೊಡ್ಡ ಅನುಕೂಲ.

ಗ್ರೇಟಿಂಗ್‌ಗಳಿಲ್ಲದೆ ಇಡೀ ತಂತುವನ್ನೇ ಸಂವೇದಕವಾಗಿಸುವ ವಿಧಾನವೂ ಇದೆ. ಲೇಸರ್ ಸ್ಪಂದನವನ್ನು ಕಳುಹಿಸಿದಾಗ ಗಾಜಿನ ಪ್ರತಿಯೊಂದು ಭಾಗದಿಂದಲೂ ಸ್ವಲ್ಪ ಬೆಳಕು ಚದುರಿ ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಸಮಯದಿಂದ ಸ್ಥಳವನ್ನು ಲೆಕ್ಕಹಾಕಲಾಗುತ್ತದೆ. ರೇಲಿ ಚದುರುವಿಕೆಯಿಂದ ಕಂಪನವನ್ನೂ, ಬ್ರಿಲುವಾ ಚದುರುವಿಕೆಯಿಂದ ಸ್ಟ್ರೇನ್ ಮತ್ತು ತಾಪಮಾನಗಳೆರಡನ್ನೂ, ಸರ್ ಸಿ. ವಿ. ರಾಮನ್ 1928ರಲ್ಲಿ ಕಂಡುಹಿಡಿದ ರಾಮನ್ ಪರಿಣಾಮದಿಂದ ತಾಪಮಾನವನ್ನೂ ಅಳೆಯುತ್ತಾರೆ. ಬಿರುಕು ಎಲ್ಲಿ ಬರುವುದೆಂದು ಮೊದಲೇ ತಿಳಿಯದ ಅಣೆಕಟ್ಟು ಮತ್ತು ಕೊಳವೆಮಾರ್ಗಗಳಿಗೆ ಇಂತಹ ವಿತರಿತ ಸಂವೇದನೆಯೇ ಸೂಕ್ತ.

ತಾಪಮಾನದ ಸಮಸ್ಯೆ

ಬ್ರ್ಯಾಗ್ ತರಂಗಾಂತರವು ತಾಪಮಾನಕ್ಕೂ ಸ್ಪಂದಿಸುತ್ತದೆ: ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 10 ಪಿಕೋಮೀಟರ್, ಅಂದರೆ ಏಳೆಂಟು ಮೈಕ್ರೋಸ್ಟ್ರೇನ್‌ಗೆ ಸಮನಾದ ಪಲ್ಲಟ. ಮುಂಜಾನೆಯಿಂದ ಮಧ್ಯಾಹ್ನಕ್ಕೆ 12 ಡಿಗ್ರಿ ಏರಿದರೆ, ಯಾವ ಭಾರವೂ ಇಲ್ಲದ ಸಂವೇದಕವು ಸುಮಾರು 100 ಮೈಕ್ರೋಸ್ಟ್ರೇನ್ ತೋರಿಸುತ್ತದೆ. ಸಾಮಾನ್ಯ ಕಾಂಕ್ರೀಟು ಎಳೆತಕ್ಕೆ ಸಿಕ್ಕಿ ಬಿರುಕು ಬಿಡುವುದೂ ಹೆಚ್ಚುಕಡಿಮೆ ಇಷ್ಟೇ ಸ್ಟ್ರೇನ್‌ಗೆ. ಆದ್ದರಿಂದ ತಾಪಮಾನವನ್ನು ಬೇರ್ಪಡಿಸದ ಅಳತೆಯಲ್ಲಿ ಬಿಸಿಲು ಯಾವುದು, ಹಾನಿ ಯಾವುದು ಎಂದು ಹೇಳಲಾಗದು. ಇದಕ್ಕಾಗಿ ರಚನೆಗೆ ಅಂಟಿಸದೆ ಸಡಿಲವಾಗಿ ಬಿಟ್ಟ ಇನ್ನೊಂದು ಗ್ರೇಟಿಂಗನ್ನು ಪಕ್ಕದಲ್ಲೇ ಇರಿಸಿ, ಅದರ ಪಲ್ಲಟವನ್ನು ಕಳೆಯುತ್ತಾರೆ. ಆಗಲೂ ಕಾಂಕ್ರೀಟು ತಾನೇ ಬಿಸಿಲಿಗೆ ಹಿಗ್ಗುವ ಪ್ರಮಾಣ ಉಳಿದಿರುತ್ತದೆ. ಅದನ್ನರಿಯಲು ಕನಿಷ್ಠ ಒಂದು ವರ್ಷದ ಋತುಚಕ್ರದ ದಾಖಲೆ ಅಗತ್ಯ.

ಬಳಕೆ

ತಂತುವಿನಲ್ಲಿ ಗ್ರೇಟಿಂಗ್ ರೂಪುಗೊಳ್ಳುವುದನ್ನು 1978ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಕೆನ್ನೆತ್ ಹಿಲ್ ಮತ್ತು ಸಂಗಡಿಗರು ವರದಿ ಮಾಡಿದರು. ಅದೇ ದೇಶದ ಕ್ಯಾಲ್ಗರಿ ನಗರದ ಬೆಡಿಂಗ್ಟನ್ ಟ್ರೇಲ್ ಸೇತುವೆಯಲ್ಲಿ 1993ರಲ್ಲಿ ಇವುಗಳನ್ನು ಅಳವಡಿಸಲಾಯಿತು. ಅಲ್ಲಿನ ಕೆಲವು ತೊಲೆಗಳಲ್ಲಿ ಉಕ್ಕಿನ ಬದಲು ಆಗಿನ್ನೂ ಹೊಸದಾಗಿದ್ದ ಕಾರ್ಬನ್ ನಾರಿನ ಕೇಬಲ್‌ಗಳಿದ್ದವು. ಅವುಗಳ ದೀರ್ಘಕಾಲದ ವರ್ತನೆಯನ್ನು ತಿಳಿಯಬೇಕಿತ್ತು. ಹಾಂಗ್ ಕಾಂಗ್‌ನ ತ್ಸಿಂಗ್ ಮಾ ತೂಗುಸೇತುವೆಯಲ್ಲಿಯೂ ಬ್ರ್ಯಾಗ್ ಸಂವೇದಕಗಳನ್ನು ಪರೀಕ್ಷಿಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಸಂವೇದಕಗಳ ಕುರಿತು ಸಂಶೋಧನೆ ನಡೆದಿದೆ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2007ರ ಆಗಸ್ಟ್ 1ರಂದು ಐ-35ಡಬ್ಲ್ಯು ಸೇತುವೆ ಕುಸಿದು 13 ಜನರು ಮೃತಪಟ್ಟರು. ಕೆಲವು ಜೋಡಣಾ ಫಲಕಗಳ ದಪ್ಪವು ಇರಬೇಕಾದುದರ ಸುಮಾರು ಅರ್ಧದಷ್ಟೇ ಇತ್ತೆಂದು ತನಿಖೆ ತಿಳಿಸಿತು. 2008ರ ಸೆಪ್ಟೆಂಬರ್‌ನಲ್ಲಿ ತೆರೆದ ಹೊಸ ಸೇತುವೆಯಲ್ಲಿ ದ್ಯುತಿತಂತು ಸಂವೇದಕಗಳೂ ಸೇರಿ 300ಕ್ಕೂ ಹೆಚ್ಚು ಸಂವೇದಕಗಳಿವೆ.

ಮಿತಿಗಳು

ಹಳೆಯ ಸೇತುವೆಯ ಆ ಫಲಕಗಳಿಗೆ ನಂತರದ ವರ್ಷಗಳಲ್ಲಿ ಸಂವೇದಕ ಅಂಟಿಸಿದ್ದರೂ ವಿನ್ಯಾಸದ ದೋಷ ತಾನಾಗಿ ಬೆಳಕಿಗೆ ಬರುತ್ತಿತ್ತೆನ್ನಲಾಗದು. ಸಂವೇದಕವು ಅಳವಡಿಸಿದ ದಿನದಿಂದಾಚೆಗಿನ ಬದಲಾವಣೆಯನ್ನಷ್ಟೇ ಹೇಳುತ್ತದೆ. ಸೇತುವೆಯ ಸ್ವಂತ ಭಾರದಿಂದ ಮೊದಲೇ ಉಂಟಾಗಿರುವ ಸ್ಟ್ರೇನ್ ಅದಕ್ಕೆ ಕಾಣದು. ನಿರ್ಮಾಣದ ಸಮಯದಲ್ಲೇ ತಂತುಗಳನ್ನು ಹುದುಗಿಸುವುದು ಮೇಲೆನ್ನುವುದು ಈ ಕಾರಣದಿಂದ. ಆದರೆ ಕಾಂಕ್ರೀಟು ಸುರಿಯುವಾಗ ಗಾಜಿನ ಎಳೆ ತುಂಡಾಗುವ ಭಯವಿದೆ, ವಿಶೇಷವಾಗಿ ಅದು ಕಾಂಕ್ರೀಟಿನಿಂದ ಹೊರಬರುವ ಜಾಗದಲ್ಲಿ. ಅಲ್ಲಿ ರಕ್ಷಣಾ ಕೊಳವೆ ತೊಡಿಸಿ, ತಂತುವಿನ ಎರಡೂ ತುದಿಗಳನ್ನು ಹೊರತರುವ ರೂಢಿಯಿದೆ. ನಡುವೆ ಒಂದೆಡೆ ತುಂಡಾದರೂ ಆಚೀಚಿನ ಗ್ರೇಟಿಂಗ್‌ಗಳನ್ನು ಎರಡು ಕಡೆಗಳಿಂದ ಓದಬಹುದು.