ದಣಿದ ಮೈ, ಬಿಳಿ ರಕ್ತಕಣ

ಕೊಡಗಿನಲ್ಲಿ ದೊಡ್ಡ ಗದ್ದೆಯ ನಾಟಿ ಮುಗಿದೊಡನೆ ಮಳೆ, ಕೆಸರಿನ ನಡುವೆ ‘ನಾಟಿ ಓಟ’ ನಡೆಸುವುದು ಹಳೆಯ ಪದ್ಧತಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಂತೂ ನೂರಾರು ಮನೆತನಗಳು ಬೆವರು ಹರಿಸಿವೆ. ಹೀಗೆ ದಣಿದ ಮೈಗೆ ಕಾಯಿಲೆ ಬೇಗ ಅಂಟುತ್ತದೆಯೆ? ಈ ಪ್ರಶ್ನೆಗೆ ಶತಮಾನ ಮೀರಿದ ಇತಿಹಾಸವಿದೆ.

ಅಮೆರಿಕದ ವೈದ್ಯ ಲ್ಯಾರಬಿ 1901ರ ಬಾಸ್ಟನ್ ಮ್ಯಾರಥಾನ್ ಓಟಗಾರರ ರಕ್ತ ಪರೀಕ್ಷಿಸಿ, ಬಿಳಿ ರಕ್ತಕಣಗಳು ವಿಪರೀತ ಏರಿದ್ದನ್ನು ಕಂಡರು. 1987ರಲ್ಲಿ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರ ಪೈಕಿ ಶೇ. 12.9 ಮಂದಿ ಮುಂದಿನ ವಾರ ಸೋಂಕು ತಗುಲಿತೆಂದರು. ಅಭ್ಯಾಸ ಮಾಡಿಯೂ ಓಡದವರಲ್ಲಿ ಈ ಪ್ರಮಾಣ ಶೇ. 2.2 ಮಾತ್ರ.

ಬಿರುಸಿನ ಓಟದಲ್ಲಿ ಅಡ್ರಿನಲಿನ್ ಹಾರ್ಮೋನು ಬಿಳಿ ಕಣಗಳನ್ನು ರಕ್ತಕ್ಕೆ ಇಳಿಸುತ್ತದೆ. ಓಟ ನಿಂತ ಒಂದೆರಡು ಗಂಟೆಗಳಲ್ಲಿ ಲಿಂಫೋಸೈಟ್ ಕಣಗಳ ಸಂಖ್ಯೆ ಮೊದಲಿಗಿಂತಲೂ ಕುಸಿಯುತ್ತದೆ. ಇದನ್ನೇ ರೋಗನಿರೋಧಕ ಶಕ್ತಿಯ ಕುಸಿತವೆಂದು ಬಹುಕಾಲ ನಂಬಲಾಗಿತ್ತು. 2018ರಲ್ಲಿ ಬ್ರಿಟನ್ನಿನ ಕ್ಯಾಂಪ್‌ಬೆಲ್ ಮತ್ತು ಟರ್ನರ್ ಇದನ್ನು ಅಲ್ಲಗಳೆದರು. ಕಣಗಳು ನಾಶವಾಗಿರುವುದಿಲ್ಲ, ಶ್ವಾಸಕೋಶ, ಕರುಳುಗಳಂಥ ಕಡೆ ಗಸ್ತಿಗೆ ತೆರಳಿರುತ್ತವೆ ಎಂಬುದು ಅವರ ವಾದ. ಜನಸಂದಣಿ, ಪ್ರಯಾಣ, ನಿದ್ದೆಗೇಡುಗಳೂ ಸೋಂಕಿಗೆ ಕಾರಣವಾಗಬಹುದು. ಚರ್ಚೆ ಇನ್ನೂ ಮುಗಿದಿಲ್ಲ.

ಇಂಧನದ ಲೆಕ್ಕವೂ ಇದರೊಡನೆ ಬೆಸೆದಿದೆ. ಸಾಧಾರಣ ನಡಿಗೆಯಲ್ಲಿ ದೇಹ ಕೊಬ್ಬನ್ನು ಹೆಚ್ಚು ಬಳಸುತ್ತದೆ. ಬಿರುಸಿನ ಓಟಕ್ಕೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಬೇಕು. ಅದು ಬರಿದಾದಾಗ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇನ್ನಷ್ಟು ಏರುತ್ತದೆ. ದಿನವೂ ಹಿತಮಿತವಾಗಿ ನಡೆಯುವವರಿಗೆ ಶೀತ-ಕೆಮ್ಮಿನ ಕಾಟ ಕಡಿಮೆ ಎನ್ನುತ್ತವೆ ಅಧ್ಯಯನಗಳು. ಬಿರುಸಾಗಿ ಆಡುವವರಿಗೆ ಹೊಟ್ಟೆ ತುಂಬ ಅನ್ನ, ಕಣ್ತುಂಬ ನಿದ್ದೆ ಅಷ್ಟೇ ಮುಖ್ಯ.